ಟೇಪಿನ ಆ ತುದಿ

ಜನವರಿ 20, ಸೋಮವಾರ

ರೇವುಪೇಟಕ್ಕೆ ಬಂದಿಳಿದೆ. ಈ ನೋಟ್‌ಬುಕ್ ಕೊಂಡದ್ದು ಅಳತೆ ಬರೆಯಲು. ಮಾತಾಡಲು ಯಾರೂ ಇಲ್ಲವಲ್ಲ, ಇನ್ನು ಇದಕ್ಕೇ ಹೇಳಬೇಕು.

ವಿಶಾಖಪಟ್ಟಣದ ಬಸ್‌ಸ್ಟ್ಯಾಂಡಿನಿಂದ ಒಂದೂವರೆ ಗಂಟೆ ದಾರಿ. ಬಲಗಡೆ ಉದ್ದಕ್ಕೂ ಸಮುದ್ರ. ಚಳ್ಳಕೆರೆಯಲ್ಲಿ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತು ಬೆಳೆದವಳಿಗೆ ಇಷ್ಟೊಂದು ನೀರು ಕಂಡರೆ ಸಂತೋಷಕ್ಕಿಂತ ಸಿಟ್ಟೇ ಬರುತ್ತದೆ, ಅದೂ ಒಂದು ಲೋಟ ಕುಡಿಯಲು ಬಾರದ ನೀರು.

ಊರು ಸಣ್ಣದು. ಹಿಂದೆ ಹಡಗು ಬರುತ್ತಿದ್ದ ಕಾಲದ ರೇವುಬೀದಿಯೊಂದು ಉಳಿದುಕೊಂಡಿದೆ. ಒಂದೇ ಸಾಲಿನಲ್ಲಿ ಹದಿನಾಲ್ಕು ಮನೆ, ಗೋಡೆಗೆ ಗೋಡೆ ಅಂಟಿಕೊಂಡು ನಿಂತಿವೆ. ಸುಣ್ಣದ ಗಾರೆ, ನಾಡಹೆಂಚು, ತೇಗದ ಕಂಬ, ಬೀದಿಯುದ್ದಕ್ಕೂ ಜಗಲಿ. ಇದನ್ನು ರಕ್ಷಿತ ಬೀದಿ ಎಂದು ಸಾರುತ್ತಾರಂತೆ. ಸಾರುವ ಮೊದಲು ಪ್ರತಿ ಮನೆಯ ನಕ್ಷೆ ಬೇಕು. ಅದಕ್ಕೇ ನನ್ನನ್ನು ಮೂರು ತಿಂಗಳಿಗೆ ಇಲ್ಲಿ ತಂದು ಹಾಕಿದ್ದಾರೆ.

ನಮ್ಮ ಯಜಮಾನರು, ಶ್ರೀಮಾನ್ ಚಂದ್ರಮೌಳಿಯವರು, ವಿಜಯವಾಡದಲ್ಲೇ ಇಳಿದುಕೊಂಡರು. ಈ ಕೆಲಸ ಹಿಡಿದಿರುವ ಕಂಪನಿಯ ಆಫೀಸು ಅಲ್ಲಿನ ಪಟಮಟದಲ್ಲಿದೆ, ಅದರ ಹಿಂದೆಯೇ ಅವರಿಗೊಂದು ರೂಮು. ನಾನು ಅಳೆದು ಕಳಿಸಬೇಕು, ಅವರು ಕೂತು ನಕ್ಷೆ ಬರೆಯಬೇಕು. ಹತ್ತೊಂಬತ್ತು ವರ್ಷ ನಾವಿಬ್ಬರೂ ಜೊತೆಯಲ್ಲೇ ಅಳೆದವರು. ಕೋಟೆಬಾಗಿಲು, ಮಠ, ಛತ್ರ, ಬ್ರಿಟಿಷರ ಕಾಲದ ಕಚೇರಿ, ಏನೇ ಇರಲಿ, ಟೇಪಿನ ಆ ತುದಿ ಅವರು, ಈ ತುದಿ ನಾನು.

ಕಂಪನಿಯವರು ಸೈಟಿಗೆ ಒಬ್ಬರೇ ಸಾಕು ಅಂದರು. ಅಲ್ಲಿಂದ ಶುರುವಾಯಿತು. "ನಿನ್ನ ಮಂಡಿ ಇಟ್ಕೊಂಡು ಅಟ್ಟ ಹತ್ತಿ ಇಳಿಯಾಕಾಗಲ್ಲ ಕಮಲಿ, ನೀನು ಆಫೀಸಲ್ಲಿರು, ನಾನು ಹೋಗ್ತೀನಿ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. "ನೀವಿಲ್ದೆ ನನಗೆ ಅಳೆಯೋಕೆ ಬರಲ್ಲ ಅನ್ಕೊಂಡಿದ್ದೀರಾ? ಟೇಪಿನ ತುದಿ ಹಿಡಿಯೋಕೆ ಯಾರಾದ್ರೂ ಆಗ್ತಾರೆ" ಅಂದುಬಿಟ್ಟೆ.

ಅವರು ಮುಂದೆ ಮಾತಾಡಲಿಲ್ಲ. ರೈಲಿನಲ್ಲೂ ಇಲ್ಲ. ವಿಜಯವಾಡದಲ್ಲಿ ಇಳಿಯುವಾಗ "ಟಿಕೆಟ್ ಸೈಡ್ ಜೇಬಲ್ಲೈತೆ" ಅಂದರು, ಅಷ್ಟೇ.

ಅಂದದ್ದು ಅಂದೆ. ಸುಳ್ಳೇನೂ ಅಲ್ಲವಲ್ಲ.

ಜನವರಿ 23, ಗುರುವಾರ

ಟೇಪು ಕೈಕೊಟ್ಟಿತು. ಮನೆಯಿಂದ ಹೊರಡುವಾಗ ಹಠಕ್ಕೆ ನಾನೇ ಚೀಲಕ್ಕೆ ಹಾಕಿಕೊಂಡು ಬಂದ ನಮ್ಮ ಹಳೆ ಟೇಪು. ಎರಡೇ ದಿನದ ಉಪ್ಪುಗಾಳಿಗೆ ಒಳಗೆ ಕಚ್ಚಿಕೊಂಡು, ಎಳೆದರೆ ಬಾರದು, ಬಿಟ್ಟರೆ ಹೋಗದು.

ಅದರ ಆಯಸ್ಸೂ ಮುಗಿದಿತ್ತು ಬಿಡಿ. ತುದಿಯ ಕೊಂಡಿ ಮುರಿದು ಹದಿನೈದು ವರ್ಷವಾಗಿದೆ. ಹೊಸದು ತರೋಣ ಅಂದರೆ ಚಂದ್ರಮೌಳಿಯವರು ಕೇಳಿದವರಲ್ಲ. ಹತ್ತು ಸೆಂಟಿಮೀಟರಿನ ಗೆರೆಗೆ ಕೆಂಪು ದಾರ ಕಟ್ಟಿ, ಆ ಗೆರೆಯನ್ನು ಗೋಡೆಮೂಲೆಗೆ ಒತ್ತಿ ಹಿಡಿಯುತ್ತಿದ್ದರು. ಈ ಕಡೆ ನಾನು ಕಂಡದ್ದನ್ನು ಕಂಡ ಹಾಗೆ ಓದುತ್ತಿದ್ದೆ, ಬರೆಯುತ್ತಿದ್ದೆ. ಹೆಚ್ಚಿನ ಹತ್ತನ್ನು ಕಳೆದುಕೊಂಡು ನಕ್ಷೆ ಬರೆಯುವುದು ಅವರ ಪಾಡು. ಒಂದು ಟೇಪಿಗಾಗಿ ಇಷ್ಟು ಒದ್ದಾಡುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇವತ್ತು ವಿಶಾಖಪಟ್ಟಣಕ್ಕೆ ಹೋಗಿ ಪೂರ್ಣಾ ಮಾರ್ಕೆಟ್ಟಿನಲ್ಲಿ ಹೊಸದು ತಂದೆ. ಮೂವತ್ತು ಮೀಟರು, ಹಳದಿ ಪೆಟ್ಟಿಗೆ, ಗಟ್ಟಿ ಕೊಂಡಿ. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ.

ಜನವರಿ 29, ಬುಧವಾರ

ನಾನಿರುವುದು ಸಾಲಿನ ಕೊನೆಯ ಮನೆ, ಹದಿನಾಲ್ಕನೆಯದು. ಹಿಂದಿನ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟಿದ್ದಾರೆ. ಒಡತಿ ಕೋಟೇಶ್ವರಮ್ಮ, ಎಪ್ಪತ್ತು ದಾಟಿದವರು, ಕೋಲಿನ ಹಾಗೆ ನೆಟ್ಟಗಿದ್ದಾರೆ. ಗಂಡ ಅಪ್ಪಲಸ್ವಾಮಿ ಗೋಣಿಮಿಲ್ಲಿನಲ್ಲಿ ಕೆಲಸ ಮಾಡಿದವರು. ಆ ಯಂತ್ರಗಳ ಸದ್ದಿಗೆ ಕಿವಿ ಹೋಗಿದೆ, ಈಗ ಕಾಲೂ ಇಲ್ಲ. ಬೀದಿ ಮುಗಿಯುವಲ್ಲಿ ಹೊರಚಾಚಿರುವ ಮೂಲೆಕೋಣೆಯಲ್ಲಿ ಅವರ ಮಂಚ. ಮಂಚದ ಪಕ್ಕ ದೊಡ್ಡ ಕಿಟಕಿ, ಅದರಾಚೆ ರಸ್ತೆ, ರಸ್ತೆಯಾಚೆ ಸಮುದ್ರ. ಹಾದುಹೋಗುವ ಪ್ರತಿಯೊಬ್ಬರನ್ನೂ ಕೂಗಿ ಮಾತಾಡಿಸುತ್ತಾರೆ. ಅವರ ಉತ್ತರ ಇವರಿಗೆ ಕೇಳುವುದಿಲ್ಲ, ಆದರೂ ತಲೆಯಾಡಿಸುತ್ತಾರೆ.

ಗಂಡಹೆಂಡಿರಿಬ್ಬರೂ ಬೆಳಗಿನಿಂದ ಸಂಜೆವರೆಗೆ ಜಗಳ. ಇವತ್ತಿನದು ಉಪ್ಪಿನಕಾಯಿಯದ್ದು. ಅವರು ಅಲ್ಲಿಂದ ಗದರುತ್ತಾರೆ, ಇವರು ಒಲೆಮುಂದಿನಿಂದ ಅದಕ್ಕಿಂತ ಜೋರಾಗಿ ಗದರುತ್ತಾರೆ. ಅವರಿಗೆ ಕಿವಿಯೇ ಕೇಳದ ಮೇಲೆ ಇವರು ಯಾಕೆ ಗಂಟಲು ಹರಿದುಕೊಳ್ಳಬೇಕು? ಕೇಳಿದೆ.

"ಆಯನ ನನ್ನ ಬಾಯಿ ನೋಡ್ತಾರಮ್ಮಾಯಿ. ನಾನು ಬೈತಾ ಇದ್ದೀನಿ ಅಂತ ಗೊತ್ತಾದ್ರೆ ಸಾಕು, ಅನ್ನ ಇಳಿಯುತ್ತೆ" ಅಂದರು. ತೆಲುಗಿನಲ್ಲೇ ಅಂದದ್ದು, ಗಂಡನನ್ನು ಅವರು ಕರೆಯುವುದೇ 'ಆಯನ' ಅಂತ. ನನ್ನ ಚಳ್ಳಕೆರೆ ಕಡೆಯ ತೆಲುಗು ಕೇಳಿ ಅವರಿಗೆ ನಗುವೋ ನಗು.

ಟೇಪಿನ ತುದಿ ಹಿಡಿಯಲು ಅವರೇ ಸೆರಗು ಕಟ್ಟಿ ಬಂದರು. ಕೊಂಡಿಯನ್ನು ಗೋಡೆಮೂಲೆಗೆ ಸಿಕ್ಕಿಸಿ, "ಊಂ, ಚೂಡು!" ಅಂತ ಕೂಗುತ್ತಾರೆ, ನೋಡು ಅಂತ. ಐದು ಮನೆಯ ಮುಂಭಾಗ ಮುಗಿಯಿತು. ನಾನು ಹೇಳಿದ್ದು ಸರಿಯೇ ಆಯಿತಲ್ಲ, ಯಾರಾದರೂ ಆಗುತ್ತಾರೆ.

ಫೆಬ್ರವರಿ 3, ಸೋಮವಾರ

ಒಂಬತ್ತನೆಯ ಮನೆಯ ಅಟ್ಟ. ಮಂಡಿ ಹಿಡಿದುಕೊಂಡಿತು. ಇಳಿಯುವಾಗ ಕೆಳಗೆ ಯಾರೋ ಕೈ ನೀಡಿ ನಿಂತಿರುತ್ತಾರೆ ಅಂತಲೇ ಕಾಲು ಬಿಟ್ಟೆ. ಯಾರೂ ಇರಲಿಲ್ಲ.

ಪೆಟ್ಟೇನೂ ಆಗಿಲ್ಲ.

ಫೆಬ್ರವರಿ 8, ಶನಿವಾರ

ಹದಿನಾಲ್ಕೂ ಮನೆ ಮುಗಿದವು. ಹಾಳೆಗಳ ಫೋಟೋ ತೆಗೆದು ಆಫೀಸಿನ ಗುಂಪಿಗೆ ಕಳಿಸಿದೆ. ಅವರ ನಂಬರಿಗೆ ಕಳಿಸಲಿಲ್ಲ.

ಇಡೀ ಬೀದಿಯನ್ನು ಈ ಮೂಲೆಯಿಂದ ಆ ಮೂಲೆಗೆ ಒಟ್ಟಾಗಿ ಒಮ್ಮೆ ಅಳೆಯುವುದು ನಮ್ಮ ಪದ್ಧತಿ. ಬಿಡಿ ಅಳತೆಗಳನ್ನು ಕೂಡಿದ್ದಕ್ಕೂ ಇದಕ್ಕೂ ತಾಳೆಯಾಗಬೇಕು. ಅದು ಚಂದ್ರಮೌಳಿಯವರ ಚಟ. ರಸ್ತೆಯಲ್ಲಿ ಆಟೋ, ಬಸ್ಸು, ಮೀನಿನ ಲಾರಿ. ಆ ಅಮ್ಮನನ್ನು ನಡುರಸ್ತೆಯಲ್ಲಿ ನಿಲ್ಲಿಸುವುದು ಹೇಗೆ? ಬಿಟ್ಟೆ. ನನ್ನ ಅಳತೆ ಯಾವತ್ತೂ ತಪ್ಪಿಲ್ಲ.

ಫೆಬ್ರವರಿ 17, ಸೋಮವಾರ

ನಕ್ಷೆಗಳ ಕರಡು ಬಂತು. ಎಷ್ಟು ಚೆನ್ನಾಗಿ ಬರೆದಿದ್ದಾರೆ ಅಂದರೆ, ಮೂರನೆಯ ಮನೆಯ ಕಂಬದ ತಲೆಯ ಬೋದಿಗೆಯಲ್ಲಿ ಕೆತ್ತಿದ ಒಂದು ದಳ ಮುರಿದಿರುವುದನ್ನೂ ಬಿಟ್ಟಿಲ್ಲ. ಫೋಟೋದಲ್ಲಿ ಅದು ಸರಿಯಾಗಿ ಕಾಣುವುದೂ ಇಲ್ಲ. ಹೊಗಳೋಣ ಅಂದುಕೊಂಡು ಫೋನ್ ಕೈಗೆ ತೆಗೆದುಕೊಂಡೆ.

ಅಷ್ಟರಲ್ಲಿ ಕೊನೆಯ ಹಾಳೆಯ ಅಂಚು ಕಣ್ಣಿಗೆ ಬಿತ್ತು. ಪೆನ್ಸಿಲಿನಲ್ಲಿ ಎರಡೇ ಪದ. "ಒಟ್ಟು ಅಳತೆ?"

ಹೇಗಿದ್ದೀಯ ಇಲ್ಲ, ಮಂಡಿ ಹೇಗಿದೆ ಇಲ್ಲ, ತಿಂಗಳಾದ ಮೇಲೆ ನನಗೆ ಬರೆದದ್ದು ಇದು! ನನ್ನ ಕೆಲಸದ ಮೇಲೆ ಪ್ರಶ್ನೆಚಿಹ್ನೆ! ಫೋನ್ ಕೆಳಗಿಟ್ಟೆ. ಗುಂಪಿಗೆ ಮಾತ್ರ ಒಂದು ಸಾಲು ಹಾಕಿದೆ: "ಅಳತೆಗಳೆಲ್ಲ ಸರಿಯಿವೆ. ಹಾಗೇ ಮುಂದುವರಿಸಿ."

ಫೆಬ್ರವರಿ 26, ಬುಧವಾರ. ಶಿವರಾತ್ರಿ

ಉಪವಾಸ. ಕೋಟೇಶ್ವರಮ್ಮ ಹಣ್ಣು ಕೊಟ್ಟರು.

ಮೈಸೂರಿನ ಹಾಸ್ಟೆಲಿನಿಂದ ಮಗಳು ಪ್ರೇರಣಾ ಫೋನ್ ಮಾಡಿದ್ದಳು. "ಅಮ್ಮ, ಅಪ್ಪ ಇವತ್ತು ಬೆಟ್ಟ ಹತ್ತಿದ್ರಂತೆ, ಇಂದ್ರಕೀಲಾದ್ರಿ. ನಿನ್ ಹೆಸರಲ್ಲಿ ಕುಂಕುಮಾರ್ಚನೆ ಮಾಡಿಸಿದ್ರಂತೆ. ಹೇಳ್ಬೇಡ ಅಂದಿದ್ರು."

"ಹಾಗಾದ್ರೆ ಯಾಕ್ ಹೇಳ್ದೆ?"

"ನೀವಿಬ್ರೂ ಚಿಕ್ ಮಕ್ಳ ಥರ ಆಡ್ತೀರ, ಅದಕ್ಕೆ."

ಶಿವರಾತ್ರಿಯ ದಿನ ಶಿವನನ್ನು ಬಿಟ್ಟು ಅಮ್ಮನವರ ಗುಡಿಗೆ ಹೋಗುವುದು ಅವರಿಗೇ ಸರಿ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಅವರಿಗೆ. ಇಳಿದು ಬಂದ ಮೇಲೆ ನಿಂಬೆಹಣ್ಣಿನ ಪಾನಕ ಮಾಡಿಕೊಡಲು ಯಾರಿದ್ದರೋ.

ಬರೆದೇಬಿಡುತ್ತೇನೆ, ಇದನ್ನು ಯಾರು ಓದಬೇಕಾಗಿದೆ. ಅವರು ನೆನಪಾಗುತ್ತಾರೆ. ಬೆಳಿಗ್ಗೆ ಕಾಫಿಗೆ ಎರಡು ಲೋಟ ಇಡುತ್ತೇನೆ, ಒಂದನ್ನು ತೆಗೆದಿಡುತ್ತೇನೆ. ಬಾಗಿಲು ಅಳೆಯುವಾಗ ಆ ಕಡೆಯಿಂದ "ಆತಾ?" ಅನ್ನುವ ದನಿಗೆ ಕಿವಿ ಕಾಯುತ್ತದೆ. ಕೋಟೇಶ್ವರಮ್ಮ "ಚೂಡು" ಅಂದರೆ ಅರೆಕ್ಷಣ ಯಾರಪ್ಪ ಇದು ಅನ್ನಿಸುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಅವರಿಂದ ನಾನು ಮೂವತ್ತು ಮೀಟರಿಗಿಂತ ದೂರ ಇದ್ದ ದಿನಗಳು ತೀರಾ ಕಡಿಮೆ.

ಫೋನ್ ಮಾಡಬಹುದು. ಆದರೆ ಮಾತು ಬಿಟ್ಟವರು ಅವರಲ್ಲವೇ? ಅವರೇ ಮಾಡಲಿ.

ಮಾರ್ಚ್ 11, ಮಂಗಳವಾರ

ಇವತ್ತು ಊರಿನ ಸಭಾಭವನದಲ್ಲಿ ನಕ್ಷೆ ಹಾಕಿದರು. ಜನ ಬಂದು ತಂತಮ್ಮ ಮನೆ ಹುಡುಕಿಕೊಂಡರು. ಏಳನೆಯ ಮನೆಯ ಗಂಗಾಭವಾನಿ ತಮ್ಮ ಬಾಗಿಲಿನ ಮೇಲೆ ಬೆರಳಿಟ್ಟು ನಿಂತು ಅತ್ತರು. ಆ ಬಾಗಿಲನ್ನು ಮಾರಿಬಿಡಿ ಅಂತ ಹಳೆ ಮರದ ವ್ಯಾಪಾರಿಗಳು ಹತ್ತು ವರ್ಷದಿಂದ ಪೀಡಿಸುತ್ತಿದ್ದರಂತೆ, ಇನ್ನು ಯಾರೂ ಕೇಳುವ ಹಾಗಿಲ್ಲ. ಆಕ್ಷೇಪಣೆ ಇದ್ದರೆ ಏಪ್ರಿಲ್ 2ರೊಳಗೆ ಕೊಡಬೇಕು.

ಬೀದಿಯ ರಕ್ಷಣೆ ಎಲ್ಲಿಗೆ ಮುಗಿಯುತ್ತದೆ ಎಂಬುದಕ್ಕೆ ನಮ್ಮ ನಕ್ಷೆಯೇ ಆಧಾರ. ಮೊದಲ ಮನೆಯ ಮೂಲೆಯಿಂದ 76 ಮೀಟರು 70. ಅದರಾಚೆಗೆ ಬೀಚ್ ರಸ್ತೆಯನ್ನು ಅಗಲ ಮಾಡುವವರ ಜಾಗ. ನಾಳೆಯೋ ನಾಡಿದ್ದೋ ಬಂದು ಗುರುತು ಹಾಕುತ್ತಾರಂತೆ.

ಊರಿಗೆ ಊರೇ ನನ್ನನ್ನು "ಮೇಡಂಗಾರು" ಅನ್ನುತ್ತಿದೆ. ಪರವಾಲೇದು, ಕೆಲಸ ಚೆನ್ನಾಗಿಯೇ ಆಯಿತು.

ಮಾರ್ಚ್ 17, ಸೋಮವಾರ



ಪಟ್ಟಣ ಯೋಜನೆ ಕಚೇರಿಯ ಲಕ್ಷ್ಮೀಪ್ರಸನ್ನ ತಮ್ಮ ಜನರನ್ನು ಕರೆದುಕೊಂಡು ಬಂದರು. ಮೊದಲ ಮನೆಯ ಮೂಲೆಯಿಂದ ಅಳೆಯುತ್ತ ಬಂದು, 76.70ಕ್ಕೆ ನಿಂತು, ಹಳದಿ ಬಣ್ಣ ಬಳಿದರು. ಬಣ್ಣ ಬಿದ್ದದ್ದು ಕೋಟೇಶ್ವರಮ್ಮನವರ ಮೂಲೆಕೋಣೆಯ ಗೋಡೆಯ ಮೇಲೆ. ಗೆರೆಯ ಈಚೆಗಿರುವುದು ರಕ್ಷಿತ, ಆಚೆಗಿರುವುದು ರಸ್ತೆಗೆ. ಆಚೆ ಉಳಿದದ್ದು ಒಂದು ಮೀಟರು ನಲವತ್ತು. ಅಪ್ಪಲಸ್ವಾಮಿಯವರ ಕಿಟಕಿ ಅಷ್ಟರಲ್ಲೇ ಇದೆ, ಅವರ ಮಂಚದ ಅರ್ಧವೂ.

"ನಿಮ್ಮ ನಕ್ಷೆ ಹೇಳಿದ್ದಕ್ಕೆ ಹಾಕಿದ್ದೀನಿ ಮೇಡಂ. ನಾನೇನ್ ಮಾಡ್ಲಿ? ತಿದ್ದಿ ಕೊಟ್ರೆ ತಿದ್ತೀನಿ, ಎರಡನೇ ತಾರೀಖಿನೊಳಗೆ" ಅಂದರು ಆಕೆ. ತಪ್ಪು ಆಕೆಯದಲ್ಲ.

ಅಪ್ಪಲಸ್ವಾಮಿ ಕಿಟಕಿಯಿಂದ ತಲೆ ಹಾಕಿ, ಬಣ್ಣ ಬಳಿಯುವವನನ್ನು "ಹಬ್ಬಕ್ಕೇನೋ? ಒಳಗೂ ಬಳಿ" ಅಂತ ಕೂಗಿದರು. ಕೋಟೇಶ್ವರಮ್ಮ ನನ್ನ ಮೇಲೆ ರೇಗಿದ್ದರೆ ತಡೆದುಕೊಳ್ಳುತ್ತಿದ್ದೆ. ರೇಗಲಿಲ್ಲ. ಜಗಲಿಯ ಮೇಲೆ ಕೂತರು.

"ಒಳಗಿನ ಕೋಣೆಗೆ ಕಿಟಕಿ ಇಲ್ಲಮ್ಮಾಯಿ. ಅಲ್ಲಿ ಮಲಗಿಸಿದ್ರೆ ಆಯನ ಯಾರನ್ನ ಮಾತಾಡಿಸ್ತಾರೆ? ಎಷ್ಟು ದಿನ ಇರ್ತಾರೆ?" ಅಂದರು.

ಇವತ್ತು ಈ ಮನೆಯಲ್ಲಿ ಜಗಳ ಇಲ್ಲ.

ಮಾರ್ಚ್ 18, ಮಂಗಳವಾರ

ನನ್ನ ಹಾಳೆಗಳು ಸರಿಯಿವೆ. ಅಂದ ಮೇಲೆ ತಪ್ಪು ನಕ್ಷೆಯಲ್ಲಿ. ನಕ್ಷೆ ಯಾರದು? ಅವರದು. ದೇವರೇ, ಬರೆಯಲು ನಾಚಿಕೆಯಾಗುತ್ತದೆ, ಅಷ್ಟು ಸಂಕಟದ ನಡುವೆಯೂ ಒಳಗೆಲ್ಲೋ ಹಾಯ್ ಅನ್ನಿಸಿತು. ಈಗ ಗೊತ್ತಾಗಲಿ ಯಾರಿಗೆ ಕೆಲಸ ಬರುವುದಿಲ್ಲ ಅಂತ.

ಕಂಪನಿ ನಡೆಸುವ ಸಾಯಿತೇಜ ಅವರಿಗೆ ಫೋನ್ ಮಾಡಿದೆ. ನಾನು ಬಾಯಿ ಬಿಡುವ ಮೊದಲೇ ಅವರು, "ಲಕ್ಷ್ಮೀಪ್ರಸನ್ನ ಮೇಡಂ ಹೇಳಿದ್ರು. ಸರ್‌ನ ಕೇಳ್ದೆ. ನಕ್ಷೆ ನಂದು, ತಪ್ಪೂ ನಂದೇ, ಕಮಲಾಕ್ಷಿ ಅಳತೆ ತಪ್ಪಲ್ಲ ಅಂದ್ರು. ಎಲ್ಲಿ ತಪ್ಪಾಯ್ತು ಅಂತ ಮಾತ್ರ ಅವರಿಗೂ ತಿಳೀತಿಲ್ಲ. ನೋಡಿ ಮೇಡಂ, ಹೀಗಾದ್ರೆ ಸರ್‌ನ ಈ ಕೆಲಸದಿಂದ ತೆಗೀಬೇಕಾಗುತ್ತೆ" ಅಂದರು.

ಹೂಂ ಅಂದು ಫೋನ್ ಇಟ್ಟೆ.

ಕಮಲಾಕ್ಷಿ ಅಳತೆ ತಪ್ಪಲ್ಲ. ಹಾಗೆ ಅಂದರಂತೆ.

ಮಾರ್ಚ್ 19, ಬುಧವಾರ

ಬೆಳಿಗ್ಗೆ ಹಾಳೆ, ನಕ್ಷೆ ಎರಡನ್ನೂ ಜಗಲಿಯ ಮೇಲೆ ಹರಡಿಕೊಂಡು ಕೂತೆ. ಮೊದಲ ಮನೆ. ನನ್ನ ಹಾಳೆಯಲ್ಲಿ 5.72, ಅವರ ನಕ್ಷೆಯಲ್ಲಿ 5.62. ಎರಡನೆಯದು ನನ್ನಲ್ಲಿ 6.05, ಅವರಲ್ಲಿ 5.95. ಮೂರನೆಯದು. ನಾಲ್ಕನೆಯದು. ಹದಿನಾಲ್ಕನ್ನೂ ನೋಡಿದೆ. ಪ್ರತಿ ಮನೆಗೂ ಹತ್ತು ಸೆಂಟಿಮೀಟರು ಕಮ್ಮಿ. ಹದಿನಾಲ್ಕು ಹತ್ತು, ಒಂದು ಮೀಟರು ನಲವತ್ತು.

ಹತ್ತು.

ಹೊಸ ಟೇಪು ತಂದದ್ದು ಅವರಿಗೆ ಗೊತ್ತಿಲ್ಲ. ಮುರಿದ ಕೊಂಡಿಯ ಹಳೆ ಟೇಪು ನನ್ನ ಚೀಲದಲ್ಲಿ ಬಂತು ಅನ್ನುವುದಷ್ಟೇ ಅವರಿಗೆ ಗೊತ್ತಿರುವುದು. ನನ್ನ ಹಾಳೆ ಅವರ ಮುಂದೆ ಬಂದಾಗ, ಹದಿನೈದು ವರ್ಷ ಮಾಡಿದ್ದನ್ನೇ ಮಾಡಿದ್ದಾರೆ. ತಾನು ಹಿಡಿದ ತುದಿಯ ಹತ್ತನ್ನು ಕಳೆದಿದ್ದಾರೆ. ಅದು ಕೈಗೆ ಎಷ್ಟು ರೂಢಿ ಅಂದರೆ, ಎಲ್ಲಿ ತಪ್ಪಾಯಿತು ಅಂತ ಹುಡುಕುವಾಗಲೂ ಅದು ಅವರ ಕಣ್ಣಿಗೆ ಬಿದ್ದಿಲ್ಲ. ಎಲ್ಲೋ ಏನೋ ಕೂಡುತ್ತಿಲ್ಲ ಅನ್ನಿಸಿಯೇ "ಒಟ್ಟು ಅಳತೆ?" ಅಂತ ಕೇಳಿದ್ದಾರೆ. ನಾನು ಉತ್ತರ ಕೊಟ್ಟೆನೇ? ಕೊಬ್ಬು ನನಗೆ.

ಎರಡು ತಿಂಗಳು, ಆರು ಗಂಟೆಯ ರೈಲಿನ ದೂರದಲ್ಲಿ ಕೂತು, ಒಂದೊಂದು ಮನೆಗೂ ಅವರು ಆ ತುದಿ ಹಿಡಿದೇ ಇದ್ದರು. ಯಾರಾದರೂ ಆಗುತ್ತಾರೆ ಅಂದವಳು ನಾನು.

ಅಳು ಬಂತು. ಚೆನ್ನಾಗಿ ಅತ್ತೆ. ಕಿಟಕಿಯಿಂದ ಅಪ್ಪಲಸ್ವಾಮಿ ಏಟಮ್ಮಾ, ಏಟಮ್ಮಾ, ಏನಾಯಿತಮ್ಮಾ ಅಂತ ಕೇಳುತ್ತಲೇ ಇದ್ದರು.

ಆಮೇಲೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು. 

"ರೀ, ಹತ್ತು ಕಳೆದ್ರಾ?" ಅಂದೆ.

"ಹೂಂ, ಕಳೆದೆ. ಯಾಕೆ?"

"ಹೊಸ ಟೇಪು ರೀ. ಜನವರೀಲೇ ತಂದೆ. ಕೊಂಡಿಯಿಂದಲೇ ಅಳೆದಿದ್ದೀನಿ."

ಬೈಯಲಿ, ಬೈದುಬಿಡಲಿ ಅಂತ ಕಾದೆ.

"ಹಳೇದೇನಾತು?" ಅಂದರು.

"ತುಕ್ಕು ಹಿಡೀತು."

"ಎಸೆದುಬಿಟ್ಯಾ?"

"ಇಲ್ಲ. ಐತೆ."

"ಬರ್ತೀನಿ" ಅಂದರು.

ಮಾರ್ಚ್ 20, ಗುರುವಾರ

ಆಫೀಸಿಗೆ ನಾನೇ ಬರೆದು ಕಳಿಸಿದೆ. ಟೇಪು ಬದಲಾಯಿಸಿ ತಿಳಿಸದೇ ಇದ್ದದ್ದು, ಒಟ್ಟು ಅಳತೆ ತೆಗೆಯದೇ ಇದ್ದದ್ದು, ಕೇಳಿದಾಗಲೂ ಸರಿಯಿದೆ ಅಂದದ್ದು, ಮೂರೂ ನನ್ನ ತಪ್ಪು. ಕಮಲಾಕ್ಷಿ ಅಂತ ಸಹಿ ಹಾಕಿದೆ.

ಸಾಯಿತೇಜ ಫೋನ್ ಮಾಡಿದರು. "ಸರ್ ತಮ್ಮ ತಪ್ಪು ಅಂತ ಬರ್ಕೊಟ್ಟಿದಾರೆ, ನೀವು ನಿಮ್ಮದು ಅಂತ ಬರ್ದಿದ್ದೀರ. ನಾನು ಯಾವುದನ್ನ ಫೈಲ್ ಮಾಡ್ಲಿ ಮೇಡಂ?"

"ನನ್ನದನ್ನ."

"ಸರೀ. ಮೊದಲು ಆ ಮನೆ ಉಳಿಸಿ. ಯಾರನ್ನ ತೆಗೀಬೇಕು ಅಂತ ಆಮೇಲೆ ನೋಡೋಣ" ಅಂದರು. ದನಿಯಲ್ಲಿ ನಗು ಇತ್ತೋ ಇಲ್ಲವೋ ತಿಳಿಯಲಿಲ್ಲ.

ಲಕ್ಷ್ಮೀಪ್ರಸನ್ನ ಸೋಮವಾರ ಬರುತ್ತಾರೆ. ಅವರ ಕಣ್ಣೆದುರಿಗೇ ಪೂರ್ತಿ ಬೀದಿ ಅಳೆದು ತೋರಿಸಬೇಕು.

ಮಾರ್ಚ್ 23, ಭಾನುವಾರ

ರತ್ನಾಚಲ್ ರೈಲಿಗೆ ಬಂದರು. ವಿಶಾಖಪಟ್ಟಣದ ಸ್ಟೇಷನ್ನಿನಲ್ಲಿ ಅರ್ಧ ಗಂಟೆ ಮೊದಲೇ ಹೋಗಿ ನಿಂತಿದ್ದೆ. ಸಣ್ಣಗಾಗಿದ್ದಾರೆ. ಗಡ್ಡ ಸರಿಯಾಗಿ ಮಾಡಿಕೊಂಡಿಲ್ಲ, ಎಡಗಿವಿಯ ಕೆಳಗೆ ನಾಲ್ಕು ಕೂದಲು ಬಿಟ್ಟಿದ್ದಾರೆ. ಮನೆಯಲ್ಲಿದ್ದರೆ ನಾನೇ ಹೇಳುತ್ತಿದ್ದೆ. ಹೇಳಿದೆ ಕೂಡ, ಮೊದಲು ಆಡಿದ ಮಾತು ಅದೇ.

"ಹಸಿವಾಗೈತೆ" ಅಂದರು. ಅದು ಅವರ ಮೊದಲ ಮಾತು.

ಬಸ್ಸಿನಲ್ಲಿ ಪಕ್ಕದಲ್ಲಿ ಕೂತು, ಸಮುದ್ರ ನೋಡುತ್ತ, "ಎಷ್ಟೊಂದು ನೀರೈತಲ್ಲೇ" ಅಂದರು. ನಾನು ಇಷ್ಟು ದಿನ ಅದನ್ನು ಯಾಕೆ ಬೈದುಕೊಂಡೆನೋ, ಇವತ್ತು ಚೆನ್ನಾಗಿಯೇ ಕಂಡಿತು.

ಮನೆಗೆ ಬಂದವರೇ ಹಳೆ ಟೇಪನ್ನು ಕೇಳಿ ತೆಗೆದುಕೊಂಡು, ಕೋಟೇಶ್ವರಮ್ಮನವರ ಹತ್ತಿರ ಕೊಬ್ಬರಿ ಎಣ್ಣೆ ಇಸಿದುಕೊಂಡು, ಸಂಜೆವರೆಗೆ ಜಗಲಿಯಲ್ಲಿ ಕೂತು ಅದನ್ನೇ ಒರೆಸಿದರು. ಅಪ್ಪಲಸ್ವಾಮಿ ಕಿಟಕಿಯಿಂದ ಸಲಹೆ ಕೊಟ್ಟರು. ಒಬ್ಬರಿಗೆ ಕಿವಿ ಕೇಳದು, ಇನ್ನೊಬ್ಬರಿಗೆ ತೆಲುಗು ಬಾರದು. ಆದರೂ ಬಹಳ ಹೊತ್ತು ಮಾತಾಡಿದರು.

ಮಾರ್ಚ್ 24, ಸೋಮವಾರ

ಬೆಳಿಗ್ಗೆ ಆರೂವರೆಗೇ ಶುರು ಮಾಡಿದೆವು, ರಸ್ತೆಯಲ್ಲಿ ಗಾಡಿಗಳು ಕಮ್ಮಿ ಇರುವಾಗಲೇ. ಲಕ್ಷ್ಮೀಪ್ರಸನ್ನ ಹಾಳೆ ಹಿಡಿದು ನಿಂತರು. ಹದಿನಾಲ್ಕು ಮನೆಯವರೂ ಜಗಲಿಗೆ ಬಂದು ಕೂತರು. ಹೊಸ ಟೇಪಿನಲ್ಲೇ ಅಳೆಯಬೇಕು ಅಂತ ಮಾತಾಯಿತು.

ಕೋಟೇಶ್ವರಮ್ಮ ಎಂದಿನ ಹಾಗೆ ಸೆರಗು ಕಟ್ಟಿ ಮುಂದೆ ಬಂದರು. "ತಾ, ನಾನ್ ಹಿಡೀತೀನಿ. ನನಗೀಗ ಅಭ್ಯಾಸ ಆಗಿದೆ."

"ಬೇಡಮ್ಮಾ" ಅಂದೆ, ತೆಲುಗಿನಲ್ಲಿ. "ಆ ತುದಿ ಆಯನದು. ಬೇರೆ ಯಾರು ಹಿಡಿದ್ರೂ ನನಗೆ ಆಗಲ್ಲ. ಇದು ಗೊತ್ತಾಗೋಕೆ ಇಷ್ಟು ದಿನ ಬೇಕಾಯ್ತು."

ನಮ್ಮವರಿಗೆ ಅರ್ಥವಾಗದಿರಲಿ ಅಂತಲೇ ತೆಲುಗಿನಲ್ಲಿ ಹೇಳಿದ್ದು. ಅವರು ಟೇಪಿನ ತುದಿ ತೆಗೆದುಕೊಂಡು ಮೊದಲ ಮನೆಯ ಮೂಲೆಗೆ ಹೋದರು, ಬಗ್ಗಿದರು, ಗೋಡೆಗೆ ಒತ್ತಿದರು. ನಾನು ಇಲ್ಲಿಂದಲೇ ನೋಡಿದೆ, ಹೆಬ್ಬೆರಳು ಹತ್ತರ ಗೆರೆಯ ಮೇಲೇ ಹೋಗಿ ಕೂತಿದೆ!

"ರೀ, ಹೊಸ ಟೇಪು!" ಅಂತ ಕೂಗಿದೆ. ಬೀದಿಯೆಲ್ಲ ನಕ್ಕಿತು. ಅವರು ಕೊಂಡಿ ಸಿಕ್ಕಿಸಿ ಹಿಡಿದರು.

"ಆತಾ?" ಅಂದರು ಆ ಕಡೆಯಿಂದ.

ನನಗೆ ತಕ್ಷಣ ಓದಲಾಗಲಿಲ್ಲ. ಕಣ್ಣೊರೆಸಿಕೊಂಡು ಓದಿದೆ.

ಮೂರು ಸಲ ಟೇಪು ಹಿಡಿದು ಕೂಡಿದಾಗ ಒಟ್ಟು 78 ಮೀಟರು 10. ಮೂಲೆಕೋಣೆಯ ಹೊರಗೋಡೆಯವರೆಗೆ ಸರಿಯಾಗಿ. ಲಕ್ಷ್ಮೀಪ್ರಸನ್ನ ಬರೆದುಕೊಂಡು, "ತಿದ್ದಿದ ನಕ್ಷೆ ಎರಡನೇ ತಾರೀಖಿನೊಳಗೆ ಕೈಗೆ ಬಂದ್ರೆ ಗೆರೆ ಬದಲಾಗುತ್ತೆ" ಅಂದರು.

ಕೋಟೇಶ್ವರಮ್ಮ ಒಳಗೆ ಹೋದರು. ಐದು ನಿಮಿಷದಲ್ಲಿ ಮೂಲೆಕೋಣೆಯಿಂದ ಜಗಳ ಶುರುವಾಯಿತು, ಮಜ್ಜಿಗೆಯದ್ದು.

ಮಾರ್ಚ್ 25, ಮಂಗಳವಾರ

ಹೊರಟುಬಿಟ್ಟರು. ಹದಿನಾಲ್ಕು ನಕ್ಷೆ ಮತ್ತೆ ಬರೆಯಬೇಕು, ಒಂದು ವಾರವಷ್ಟೇ ಉಳಿದಿದೆ. ನನಗೆ ಇನ್ನೂ ಬೀದಿಯ ಹಿಂದಿನ ಓಣಿ ಅಳೆಯುವುದು ಬಾಕಿ, ಏಪ್ರಿಲ್ ಕೊನೆಯವರೆಗೆ ಇಲ್ಲೇ.

ಸ್ಟೇಷನ್ನಿನಲ್ಲಿ ಹಳೆ ಟೇಪು ನನ್ನ ಕೈಗಿಟ್ಟು ಹೊಸದನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. "ಇದು ಈಗ ಓಡುತ್ತೆ. ದಿನಾ ಸಂಜೆ ಎಣ್ಣೆಬಟ್ಟೇಲಿ ಒರೆಸು. ಇನ್ಮೇಲೆ ಹಾಳೆ ಮೇಲೆ ಯಾವ ಟೇಪು ಅಂತ ಬರಿ" ಅಂದರು. ನೋಡಿದರೆ ಹತ್ತರ ಗೆರೆಗೆ ಹೊಸ ಕೆಂಪು ದಾರ. ಕೋಟೇಶ್ವರಮ್ಮನ ಹೂವಿನ ಬುಟ್ಟಿಯಿಂದ ಇಸಿದುಕೊಂಡದ್ದಿರಬೇಕು.

ರೈಲು ಹೊರಡುವಾಗ ಕಿಟಕಿಯಿಂದ ಬಗ್ಗಿ, "ಕಮಲಿ, ಎರಡು ತಿಂಗಳಿಂದ ವಿಜಯವಾಡದಲ್ಲಿ ಇದ್ದೀನಿ. ನಂಗೂ ತೆಲುಗು ಅರ್ಥ ಆಗುತ್ತೆ" ಅಂದರು.

ನಾನು ತಲೆ ಎತ್ತುವಷ್ಟರಲ್ಲಿ ರೈಲು ಪ್ಲಾಟ್‌ಫಾರ್ಮ್ ದಾಟಿತ್ತು. ಹಾಗಾದರೆ ಅಪ್ಪಲಸ್ವಾಮಿ ಜೊತೆ ಆಡಿದ್ದೆಲ್ಲ ಅರ್ಥವಾಗಿಯೇ ಆಡಿದ್ದು!

ಮಾರ್ಚ್ 30, ಭಾನುವಾರ. ಯುಗಾದಿ

ಕೋಟೇಶ್ವರಮ್ಮ ಯುಗಾದಿ ಪಚ್ಚಡಿ ಮಾಡಿದ್ದರು. ಬೇವಿನ ಹೂವು, ಮಾವಿನಕಾಯಿ, ಹುಣಸೆಹಣ್ಣು, ಬೆಲ್ಲ, ಎಲ್ಲ ಕಲಸಿದ ಪಾನಕದಂಥದ್ದು. ನಮ್ಮ ಬೇವುಬೆಲ್ಲಕ್ಕಿಂತ ಹುಳಿ ಜಾಸ್ತಿ. ನಮ್ಮವರು ಫೋನ್ ಮಾಡಿದ್ದರು. ಹತ್ತು ನಕ್ಷೆ ಮುಗಿದಿವೆಯಂತೆ. ಬೇವಿನ ಹೂ ಸಿಗದೆ ಎಲೆಯನ್ನೇ ಎರಡು ಬೆಲ್ಲದ ಜೊತೆ ಜಗಿದರಂತೆ. ಅವರು ಜಗಿದ ಎಲೆ ಎಷ್ಟು ಕಹಿ ಅಂತ ಇಬ್ಬರೂ ಬಹಳ ಹೊತ್ತು ಮಾತಾಡಿದೆವು.

ಫೋನ್ ಇಟ್ಟ ಮೇಲೆ ಮೊದಲಿಗಿಂತ ಹೆಚ್ಚು ಒಂಟಿ ಅನ್ನಿಸಿತು. ಮಾತು ಬಿಟ್ಟಿದ್ದಾಗ ಸಿಟ್ಟಾದರೂ ಜೊತೆಗಿತ್ತು.

ಏಪ್ರಿಲ್ 2, ಬುಧವಾರ

ತಿದ್ದಿದ ನಕ್ಷೆ ಬೆಳಿಗ್ಗೆ ಸೇರಿತು, ಮಧ್ಯಾಹ್ನವೇ ಒಪ್ಪಿದರು. ಬಣ್ಣ ಬಳಿಯುವವನು ಬಂದು ಗೋಡೆಯ ಮೇಲಿನ ಹಳದಿ ಗೆರೆಗೆ ಸುಣ್ಣ ಹೊಡೆದು, ಮೂಲೆಯಾಚೆ ನೆಲದ ಮೇಲೆ ಹೊಸದು ಎಳೆದ. ಸುಣ್ಣದಡಿ ಹಳದಿ ಇನ್ನೂ ಸ್ವಲ್ಪ ಕಾಣುತ್ತದೆ. "ಎರಡನೇ ಕೈ ಹೊಡೀಲಾ?" ಅಂತ ಕೇಳಿದ. ಕೋಟೇಶ್ವರಮ್ಮ ಬೇಡ, ಇರಲಿ ಅಂದರು. ಕಿಟಕಿಯಲ್ಲಿ ಅಪ್ಪಲಸ್ವಾಮಿ ಮೀನಿನ ಲಾರಿಯವನನ್ನು ಕೂಗಿ ಮಾತಾಡಿಸುತ್ತಿದ್ದರು.

ಏಪ್ರಿಲ್ 4, ಶುಕ್ರವಾರ

ಹಿಂದಿನ ಓಣಿ ಶುರು. ಕೋಟೇಶ್ವರಮ್ಮನವರಿಗೆ ಕೆಂಪು ದಾರ ತೋರಿಸಿ, "ಇದನ್ನ ಮೂಲೆಗೆ ಒತ್ತಿ ಹಿಡೀರಿ" ಅಂದೆ. "ಇದೇನಮ್ಮಾಯಿ, ಚೆನ್ನಾಗಿದ್ದ ಟೇಪು ಬಿಟ್ಟು ಮುರುಕಲು ತಂದಿದ್ದೀಯ? ಹತ್ತು ಜಾಸ್ತಿ ಬರೋಲ್ವಾ?" ಅಂದರು.

"ಬರುತ್ತೆ" ಅಂದೆ.

ಮೊದಲ ಮನೆ, 4.86. ಕಂಡ ಹಾಗೆಯೇ ಬರೆದೆ. ಹಾಳೆಯ ಮೇಲ್ಗಡೆ "ಹಳೇ ಟೇಪು" ಅಂತ ದಪ್ಪಕ್ಷರದಲ್ಲಿ ಬರೆದು, ಫೋಟೋ ತೆಗೆದು, ಆಫೀಸಿನ ಗುಂಪಿಗಲ್ಲ, ಅವರ ನಂಬರಿಗೇ ಕಳಿಸಿದೆ. ಹತ್ತು ಕಳೆಯುವುದು ಅವರ ಕೆಲಸ.